ಚಹಾ ಅಂಗಡಿಯವನ ಹೆಸರು ಸಿಕ್ಕಿತು

ಶಾಲೆಯನ್ನು ನಾನು ಆರನೆಯ ತರಗತಿಗೇ ಬಿಟ್ಟೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೇಳಿದವರು ಅಯ್ಯೋ ಪಾಪ ಎಂದರೆ ಮಾತ್ರ ಸಿಟ್ಟು ಬರುತ್ತದೆ. ರಾಯಚೂರು ಸೀಮೆಯಿಂದ ಅಣ್ಣನ ಬೆನ್ನು ಹತ್ತಿ ಹೈದರಾಬಾದಿಗೆ ಬಂದೆ. ಅಣ್ಣ ಗೌಂಡಿ. ಅವನು ಗೋಡೆ ಕಟ್ಟುತ್ತಿದ್ದ, ನಾನು ಅವನಿಗೆ ಮಾಲು ಕಲಸಿ ಕೊಡುತ್ತಿದ್ದೆ. ಕೆಲವು ವರ್ಷಗಳ ಮೇಲೆ ಕೈಗೆ ಹತ್ತಿದ ಸಿಮೆಂಟು ತೊಳೆದುಕೊಂಡು, ಕುಷಾಯಿಗೂಡದ ಒಂದು ಓಣಿಯಲ್ಲಿರುವ ಸಣ್ಣ ಕನ್ನಡ ಸಂಘದ ಆಫೀಸು ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ. ಸಭೆಯ ಹಾಲು ಗುಡಿಸುವುದು, ಕುರ್ಚಿ ಹಾಕುವುದು, ಮೈಕಿನವನಿಗೆ ಫೋನು ಮಾಡುವುದು, ಆಮಂತ್ರಣ ಟೈಪು ಮಾಡುವುದು ಎಲ್ಲವೂ ನನ್ನದೇ. ಕಂಪ್ಯೂಟರನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕಾರ್ಯದರ್ಶಿಗಳು ಊಟಕ್ಕೆ ಹೋದಾಗ ಕೂತು, ಯಾವ ಗುಂಡಿ ಒತ್ತಿದರೆ ಯಾವ ಅಕ್ಷರ ಬೀಳುತ್ತದೆಂದು ನೋಡಿ ನೋಡಿ ಕಲಿತೆ.

ಸಂಘದ ಸದಸ್ಯರು ಎರಡು ಬಗೆ. ಹಳಬರು ಇಲ್ಲೇ ಹತ್ತಿರದ ಸರಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೊಸಬರು ಗಚ್ಚಿಬೌಲಿಯ ಕಂಪನಿಗಳಲ್ಲಿರುವ ಬೆಂಗಳೂರು, ಮೈಸೂರು, ಮಂಗಳೂರಿನ ಕಡೆಯವರು. ಭಾನುವಾರ ಕಾರಿನಲ್ಲಿ ಬಂದು, ಅರ್ಧ ಹೊತ್ತು ಟ್ರಾಫಿಕ್ಕನ್ನು ಬೈದು, ಉಳಿದ ಅರ್ಧ ಹೊತ್ತು ಕನ್ನಡದ ಬಗ್ಗೆ ಮಾತಾಡಿ ಹೋಗುತ್ತಾರೆ. ನಮ್ಮಂಥವರದು ಇನ್ನೊಂದು ಬಗೆ. ನಾವು ಸದಸ್ಯರಲ್ಲ, ಆದರೆ ಕಾರ್ಯಕ್ರಮಕ್ಕೆ ಮಂದಿ ಕಡಿಮೆ ಬಿದ್ದಾಗ ನಮ್ಮನ್ನು ಕರೆಯುತ್ತಾರೆ.

ಕಟ್ಟಡದ ಬೆಳ್ಳಿಹಬ್ಬಕ್ಕೆ ಒಂದು ಪುಸ್ತಕ ತರಬೇಕೆಂದು ಕಮಿಟಿಯಲ್ಲಿ ತೀರ್ಮಾನವಾಯಿತು. ಈ ಹಾಲು ಹೇಗೆ ಎದ್ದಿತು, ಯಾರು ಯಾರು ಏನೇನು ಕೊಟ್ಟರು, ಎಲ್ಲರ ಹೆಸರೂ ಅದರಲ್ಲಿ ಬರಬೇಕು ಎಂದರು. ನಾನು ಅದೇ ಸಂಜೆ ಅಣ್ಣನ ಮನೆಗೆ ಹೋಗಿ ಹೇಳಿದೆ.

“ಅಣ್ಣಾ, ಬುಕ್ ಬರಾಕತ್ತೈತಿ. ಅದರಾಗ ನಿನ್ನ ಹೆಸರು ಬರ್ತೈತಿ.”

ಅಣ್ಣನಿಗೆ ಈಗ ಮೊಣಕಾಲು ಹೋಗಿವೆ. ಹೊರಸಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಬಂದ್ರೇನು, ಬರದಿದ್ರೇನು” ಎಂದ. ಜಾಹೀರಾತು ಬಂದಾಗ, “ಫೋಟೋನೂ ಹಾಕ್ತಾರೇನು?” ಎಂದ. ಒಳಗಿನಿಂದ ಅತ್ತಿಗೆ ನಕ್ಕಳು. “ಹಾಕಲಿ ಬಿಡು, ಮುಖ ನೋಡಿ ಬುಕ್ ಕೊಳ್ಳವರು ಓಡಿ ಹೋಗ್ಲಿ.”

ಮುಂದಿನ ಸಲ ಹೋದಾಗ ಫೋಟೋ ತೆಗೆಸಿಟ್ಟಿದ್ದ. ಬಿಳಿ ಅಂಗಿ, ಒತ್ತಿ ಬಾಚಿದ ತಲೆ, ಹಿಂದೆ ಸ್ಟುಡಿಯೋದವನ ನೀಲಿ ಪರದೆ. “ಸುಮ್ನ ತೆಗೆಸಿದ್ದು, ಆಧಾರಕ್ಕ ಬೇಕಿತ್ತು” ಎಂದ. ಆಧಾರ್ ಕಾರ್ಡಿಗೆ ಫೋಟೋ ಅವರೇ ತೆಗೆಯುತ್ತಾರೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ಅವನ ಹೆಸರು ಯಾಕೆ ಬರಬೇಕಿತ್ತು ಎಂದು ಹೇಳಬೇಕು. ಹಾಲು ಕಟ್ಟಲು ಶುರು ಮಾಡಿದಾಗ ಒಬ್ಬ ಕಾಂಟ್ರಾಕ್ಟರ್ ಇದ್ದ. ಕಂಬ ಎದ್ದವು, ಸ್ಲ್ಯಾಬು ಬಿತ್ತು, ಅಷ್ಟರಲ್ಲಿ ಸಂಘದ ಹಣ ಮುಗಿಯಿತು. ಕಾಂಟ್ರಾಕ್ಟರ್ ತನ್ನ ಆಳುಗಳನ್ನು ಕರೆದುಕೊಂಡು ಬೇರೆ ಕೆಲಸಕ್ಕೆ ಹೋದ. ಸ್ಲ್ಯಾಬಿನ ಕೆಳಗೆ ಗೋಡೆಯಿಲ್ಲದೆ ಒಂದು ಮಳೆಗಾಲ ಕಳೆಯಿತು. ಆಗ ಅಣ್ಣ, ನಮ್ಮ ಸೀಮೆಯ ಇನ್ನೂ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಭಾನುವಾರ ಭಾನುವಾರ ಅಲ್ಲಿಗೆ ಹೋಗತೊಡಗಿದ. ವಾರವಿಡೀ ಕೂಲಿಯವರು ಸೇರುವ ಅಡ್ಡಾದಲ್ಲಿ ನಿಂತು ಕರೆದವರ ಮನೆ ಕಟ್ಟುವುದು, ಭಾನುವಾರ ಇದು. “ವಾರೆಲ್ಲಾ ಮಂದಿ ಮನಿ ಕಟ್ತೀವಿ, ಐತವಾರ ನಮ್ಮದು ಕಟ್ಟೂಣು” ಎನ್ನುತ್ತಿದ್ದ. ಗೋಡೆ ಎದ್ದವು, ಗಿಲಾವು ಆಯಿತು, ವೇದಿಕೆ ಆಯಿತು. ಒಬ್ಬರೂ ಕೂಲಿ ತೆಗೆದುಕೊಳ್ಳಲಿಲ್ಲ. ಖಜಾಂಚಿಗಳು ಕೊಡಲು ಬಂದರೆ ಅಣ್ಣ ಕೈ ಹಿಂದೆ ಕಟ್ಟಿಕೊಂಡ. ನಾನೂ ಅವನ ಜೊತೆ ಮರಳು ಹೊತ್ತಿದ್ದೆ. ನನ್ನದು ಬಿಡಿ, ಅಣ್ಣ ಹೋಗು ಅಂದರೆ ಹೋಗುತ್ತಿದ್ದೆ.

ಉದ್ಘಾಟನೆಯ ದಿನ ಆಗಿನ ಅಧ್ಯಕ್ಷರು ಅಣ್ಣನನ್ನು ವೇದಿಕೆಗೆ ಕರೆದು, ಭುಜದ ಮೇಲೆ ಕೈಯಿಟ್ಟು, ಈ ಗೋಡೆ ಇರುವತನಕ ಇವರ ಹೆಸರು ಇರುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಷ್ಟು ಮಂದಿಯೆದುರು ಆಡಿದ ಮಾತನ್ನು ಯಾರಾದರೂ ಬರೆದಿಟ್ಟೇ ಇರುತ್ತಾರೆ ಎಂದು ನಾನು ನಂಬಿದ್ದೆ. ಆ ಅಧ್ಯಕ್ಷರು ಈಗಿಲ್ಲ.

ಆ ಕಾಲದ ವರದಿ, ಲೆಕ್ಕ, ವೋಚರುಗಳ ಪಟ್ಟಿ ಎಲ್ಲವನ್ನೂ ನಾನು ಸೇರುವುದಕ್ಕೆ ಮೊದಲೇ ನಾರಾಯಣಗೂಡದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಸಿಡಿಯಲ್ಲಿ ತಂದಿಟ್ಟಿದ್ದರು. ಅದನ್ನು ಆಫೀಸಿನ ಕಂಪ್ಯೂಟರಿಗೆ ಇಳಿಸಿದವನು ನಾನೇ, ಆದರೆ ಬಿಚ್ಚಿ ಓದಿದವನಲ್ಲ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು. ಫೈಲುಗಳಿಗೆ ಡಿಟಿಪಿಯವನು ಇಟ್ಟ ಹೆಸರು ಒಂದೇ ಥರ: ಹೊಸದು, ಹೊಸದು ಫೈನಲ್, ಹೊಸದು ಫೈನಲ್ ಕರೆಕ್ಟ್. ಯಾವುದರಲ್ಲಿ ಏನಿದೆ ಎಂದು ದೇವರಿಗೇ ಗೊತ್ತು.

ಪುಸ್ತಕದ ಸಂಪಾದಕಿ ಮೈಸೂರಿನ ಕಡೆಯ ಹುಡುಗಿ, ಗಚ್ಚಿಬೌಲಿಯಲ್ಲಿ ಕೆಲಸ. ಒಂದು ಭಾನುವಾರ ಅವಳು ಆಫೀಸಿನ ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೂಲೆಯಲ್ಲಿರುವ ಹುಡುಕುವ ಸಣ್ಣ ಪೆಟ್ಟಿಗೆಯಲ್ಲಿ ಅಣ್ಣನ ಹೆಸರು ಟೈಪು ಮಾಡಿ ಹುಡುಕುತ್ತಿದ್ದಳು. ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿ ಹೋಯಿತು. ಕೆಳಗೆ ಖಾಲಿ.

“ಅಂಕಲ್, ನೀವು ಹೇಳಿದ ಹೆಸರು ಹಾಕಿ ನೋಡಿದೆ. ಏನೂ ಬರ್ತಿಲ್ಲ.”

“ಬರಂಗಿಲ್ಲ ಅಂದ್ರ ಹೆಂಗ್ರಿ ಮೇಡಂ? ನಾ ಕಣ್ಣಾರೆ ಕಂಡೀನಿ.”

“ಕಂಡಿದ್ದು ಸಾಕಾಗಲ್ಲ ಅಂಕಲ್. ಬರ್ದಿದ್ದು ಬೇಕು.”

ಪಕ್ಕದಲ್ಲಿ ಈಗಿನ ಅಧ್ಯಕ್ಷರು ಪೇಪರು ಓದುತ್ತಿದ್ದರು. ಕಾರ್ಖಾನೆಯಿಂದ ನಿವೃತ್ತರಾದವರು, ಧಾರವಾಡದ ಕಡೆಯವರು. ಹಾಲು ಕಟ್ಟುವಾಗ ಖಜಾಂಚಿ ಅವರೇ. ಅಣ್ಣ ಕೈ ಹಿಂದೆ ಕಟ್ಟಿಕೊಂಡದ್ದು ಅವರೆದುರೇ. ನಾನು ಅವರ ಕಡೆ ತಿರುಗಿದೆ.

“ಸರ್, ನಿಮಗ ನೆನಪೈತಲ್ರಿ?”

ಅವರು ಪೇಪರು ಮಡಚಿದರು. “ನೆನಪಿಲ್ಲ ಅಂತ ಹೆಂಗ ಅನ್ಲಿ? ನಿಮ್ಮಣ್ಣನ ಕೈ ಭಾಳ ಛಲೋ ಇತ್ತಪಾ. ಆದ್ರ ನೆನಪಿನ ಮ್ಯಾಲೆ ಹಾಕ್ಕೋತ ಹೋದ್ರ, ನಾನೂ ಇಟ್ಟಂಗಿ ಹೊತ್ತೀನಿ, ನಮ್ಮಪ್ಪನೂ ಹೊತ್ತಾನ ಅಂತ ಮಂದಿ ಸಾಲು ಹಚ್ತಾರ. ಅದಕ್ಕ ದಾಖಲೆ ಇದ್ದವರ ಹೆಸರು ಅಷ್ಟ ಅಂತ ಠರಾವು ಮಾಡೇವಿ.”

“ದಾಖಲೆ ತೋರಿಸಿದ್ರ ಹಾಕ್ತೀರಿ?”

“ತೋರಿಸಪಾ. ಫೋಟೋ ಸೈತ ಹಾಕ್ತೀವಿ. ಪ್ರೆಸ್ಸಿಗೆ ಹೋಗೂದ್ರಾಗ ತೋರಿಸು ಅಷ್ಟ.”

ಹುಡುಗಿ ಒಂದು ಫೈಲು ಬಿಚ್ಚಿ ನೋಡಿ, ಅಯ್ಯೋ ಎಂದಳು. ಕಾರಣ ಅವಳಿಗೆ ಅಲ್ಲೇ ತಿಳಿಯಿತು. ಅದು ಹಳೆಯ ಫಾಂಟು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅದು ಟೋಪಿ ಹಾಕಿದ ಇಂಗ್ಲಿಷು, ಬಾಲ ಬಿಟ್ಟ ಇಂಗ್ಲಿಷು ಅಕ್ಷರಗಳು. ಅವಳು ಈಗಿನ ಕೀಬೋರ್ಡಿನಲ್ಲಿ ಹೊಡೆಯುವ ಕನ್ನಡ ಬೇರೆ, ಇದು ಬೇರೆ. ಒಂದು ಇನ್ನೊಂದನ್ನು ಗುರುತು ಹಿಡಿಯುವುದಿಲ್ಲ.

“ಎಲ್ಲಾ ಕನ್ವರ್ಟ್ ಮಾಡೋಕೆ ನನಗೆ ಟೈಮ್ ಇಲ್ಲ ಅಂಕಲ್. ನೀವು ಒಂದು ಕೆಲಸ ಮಾಡಿ. ಆ ಫೈಲ್‌ಗಳಲ್ಲೇ ಎಲ್ಲಾದ್ರೂ ಆ ಪದ ಇದ್ರೆ, ಅಲ್ಲಿಂದಲೇ ಕಾಪಿ ಮಾಡಿ ಈ ಬಾಕ್ಸ್‌ಗೆ ಪೇಸ್ಟ್ ಮಾಡಿ. ಗೀಚಿದ ಹಾಗೆ ಕಾಣುತ್ತೆ, ಹೆದರ್ಬೇಡಿ.”

ಹೆದರ್ಬೇಡಿ ಎಂದದ್ದು ನನಗೆ ಹಿಡಿಸಲಿಲ್ಲ. ಅವಳು ಹುಟ್ಟುವ ಮೊದಲು ನಾನು ಸ್ಲ್ಯಾಬಿನ ಅಂಚಿನಲ್ಲಿ ಬುಟ್ಟಿ ಹೊತ್ತು ಓಡಾಡಿದವನು. ಆದರೆ ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು. ಅದನ್ನು ಒಪ್ಪಿಕೊಂಡು ತಲೆಯಾಡಿಸಿದೆ.

ಮಧ್ಯಾಹ್ನ ಹಾಲು ಖಾಲಿಯಿರುತ್ತದೆ. ಕೆಲಸ ಮುಗಿಸಿ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಮೊದಲು ಅಣ್ಣನ ಹೆಸರಿನ ಅಕ್ಷರ ಬೇಕಲ್ಲ, ಅದನ್ನು ಎಲ್ಲಿಂದ ತರುವುದು? ಬಾಗಿಲ ಪಕ್ಕದ ಸಂಗಮವರಿ ಕಲ್ಲು ನೆನಪಾಯಿತು. ಅದರಲ್ಲಿ ದಾನಿಗಳ ಹೆಸರು ಕೊರೆದಿದ್ದಾರೆ. ದಿನಾ ಒರೆಸುವವನು ನಾನೇ. ಅಣ್ಣನ ಹೆಸರಿನವರೇ ಒಬ್ಬರು ಅದರಲ್ಲಿದ್ದಾರೆ, ಹಾಲಿಗೆ ಫ್ಯಾನು ಕೊಡಿಸಿದ ಕಾರ್ಖಾನೆಯ ಅಧಿಕಾರಿ. ದಾನಿಗಳ ಪಟ್ಟಿಯ ಫೈಲು ತೆಗೆದು, ಅವರ ಹೆಸರನ್ನು ಕಾಪಿ ಮಾಡಿ, ಮನೆತನದ ಹೆಸರು ಅಳಿಸಿ, ಪೆಟ್ಟಿಗೆಯಲ್ಲಿ ಹಾಕಿದೆ. ಫೈಲಿನ ಹೆಸರಷ್ಟೇ ಅಲ್ಲ, ಒಳಗಿನ ಬರಹವನ್ನೂ ಹುಡುಕು ಎಂಬಲ್ಲಿ ಗುರುತು ಹಾಕಿದೆ.

ಹಸಿರು ಗೆರೆ ತೆವಳಿತು. ಒಂದು ಫೈಲು ಬಂತು, ಇನ್ನೊಂದು ಬಂತು, ಪರದೆ ತುಂಬಿತು. ನಾನು ಎದ್ದು ನಿಂತುಬಿಟ್ಟೆ. ಖಾಲಿ ಹಾಲಿನಲ್ಲಿ ಒಬ್ಬನೇ “ನೋಡ್ರಲೇ!” ಎಂದೆ. ಆಮೇಲೆ ಕೂತು ಒಂದೊಂದೇ ಬಿಚ್ಚಿ, ಕಂಟ್ರೋಲ್ ಎಫ್ ಒತ್ತಿ ಹೆಸರು ಇರುವಲ್ಲಿಗೆ ಹೋದೆ. ಫ್ಯಾನು ಕೊಟ್ಟದ್ದಕ್ಕೆ ಅವರಿಗೆ ಧನ್ಯವಾದ. ಫ್ಯಾನು ಹಾಕಿಸಿದ ದಿನ ಅವರಿಗೆ ಮಾಲೆ. ಫ್ಯಾನು ಕೆಟ್ಟಾಗ ಅವರಿಗೇ ಮತ್ತೆ ವಿನಂತಿ. ಅವರ ಮಗಳ ಮದುವೆಗೆ ಸಂಘದ ಶುಭಾಶಯ. ಕಡೆಯ ಫೈಲಿನತನಕ ಅವರೇ. ಅಣ್ಣ ಎಲ್ಲಿಯೂ ಇಲ್ಲ.

ಪೆಟ್ಟಿಗೆಯ ಮೇಲೆ ನನಗೆ ಇನ್ನೂ ಅನುಮಾನವಿತ್ತು. ಉದ್ಘಾಟನೆಯ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಲ್ಲೇ ಓದಿದೆ. ಅಧ್ಯಕ್ಷರು ಮಾತನಾಡಿ ಎಲ್ಲರನ್ನೂ ಸ್ಮರಿಸಿದರು ಎಂದಿತ್ತು. ಎಲ್ಲರನ್ನೂ. ಭುಜದ ಮೇಲಿಟ್ಟ ಕೈ, ಗೋಡೆ ಇರುವತನಕ ಎಂಬ ಮಾತು, ಎರಡೂ ಇಲ್ಲ. ಅದರ ಕೆಳಗೇ ಬೆಳ್ಳಿಯ ದೀಪ ಕೊಟ್ಟವರ ಹೆಸರು, ಅವರ ಊರು, ತಂದೆಯ ಹೆಸರು.

ಆಮೇಲೆ ಬೇರೆ ಪದಗಳನ್ನು ಹಿಡಿದೆ. ಗೌಂಡಿ ಎಂದು ಹುಡುಕಿದೆ. ವೋಚರುಗಳ ಪಟ್ಟಿ ತೆರೆಯಿತು. ಅಲ್ಲಿ ಹೆಸರುಗಳ ರಾಶಿಯೇ ಇತ್ತು! ಕಾಂಟ್ರಾಕ್ಟರನ ಆಳುಗಳೆಲ್ಲ ಇದ್ದರು, ಅವರ ವಾರದ ಕೂಲಿಯನ್ನು ಸಂಘವೇ ಕೊಡುತ್ತಿತ್ತು. ಸೆಂಟ್ರಿಂಗಿನವರು, ಕಬ್ಬಿಣ ಕಟ್ಟಿದವರು, ನೀರು ಹೊಡೆದ ಹೆಣ್ಣುಮಗಳು, ಯಾರಿಗೆ ಯಾವ ವಾರ ಕೂಲಿ ಕೊಟ್ಟರು, ಯಾರು ಸಹಿ ಮಾಡಿದರು, ಯಾರು ಹೆಬ್ಬೆಟ್ಟು ಒತ್ತಿದರು. ಅವರಲ್ಲಿ ಒಬ್ಬ ಸಿಮೆಂಟು ಚೀಲ ಕದ್ದು ಓಡಿಹೋದವನು. ಸುದ್ದಿ ಕೇಳಿ ನಮ್ಮ ಸೀಮೆಯವರೂ ಅವನನ್ನು ರೈಲ್ವೆ ಸ್ಟೇಶನ್ನಿನತನಕ ಹುಡುಕಿಕೊಂಡು ಹೋಗಿದ್ದೆವು. ಅವನ ಹೆಸರೂ, ಅಪ್ಪನ ಹೆಸರೂ ತಪ್ಪಿಲ್ಲದೆ ಇದ್ದವು. ಓಡಿಹೋಗುವ ಮೊದಲು ಕೂಲಿ ತೆಗೆದುಕೊಂಡಿದ್ದನಲ್ಲ.

ಅಲ್ಲಿ ನನಗೆ ತಿಳಿಯಿತು. ಕೈ ಚಾಚಿದವನ ಹೆಸರು ಕಾಗದಕ್ಕೆ ಏರಿತ್ತು. ರೊಕ್ಕ ಕೊಟ್ಟವರಿಗೆ ರಸೀದಿ, ರೊಕ್ಕ ಇಸಗೊಂಡವರಿಗೆ ವೋಚರು. ಅಣ್ಣ ಎರಡೂ ಮಾಡಲಿಲ್ಲ. ನಮ್ಮದು ಎಂದುಕೊಂಡು ಮಾಡಿದ ಕೆಲಸಕ್ಕೆ ಯಾವ ಕಾಗದ ಹುಟ್ಟುತ್ತದೆ?

ಕೊನೆಗೆ ಶ್ರಮದಾನ ಎಂದು ಹಾಕಿದೆ. ಒಂದೇ ಒಂದು ಸಿಕ್ಕಿತು. “ಭಾನುವಾರಗಳಂದು ಕೆಲವರು ಶ್ರಮದಾನ ಮಾಡಿರುತ್ತಾರೆ. ಸದರಿಯವರಿಗೆ ಚಹಾ, ಮಿರ್ಚಿಭಜಿ ಒದಗಿಸಿದ ಬಾಬ್ತು,” ಎಂದು ಶುರುವಾಗಿ, ಮುಂದೆ ಚಹಾ ಅಂಗಡಿಯವನ ಹೆಸರು, ಅಂಗಡಿ ಇದ್ದ ಚೌಕದ ಹೆಸರು, ಅವನಿಗೆ ಸಂದಾಯವಾದ ವಿವರ. ಚಹಾ ಕೊಟ್ಟವನು ಇದ್ದ. ಕುಡಿದವರು ಕೆಲವರು.

ಆ ಸಾಲಿನ ಮುಂದೆ ಕರ್ಸರು ಮಿಣುಕುತ್ತಿತ್ತು. ‘ಕೆಲವರು’ ಎಂಬುದನ್ನು ಅಳಿಸಿ ಐದು ಹೆಸರು ಟೈಪು ಮಾಡಲು ಎಷ್ಟು ಹೊತ್ತು? ಇಷ್ಟು ದಿನ ಕೂತು ಹಳೆಯ ಫಾಂಟೂ ನನಗೆ ಬರತೊಡಗಿತ್ತು, ಯಾರಿಗೂ ಗುರುತು ಸಿಗುವುದಿಲ್ಲ. ಫೈಲು ತಿದ್ದಿದ ತಾರೀಖು ಪಕ್ಕದಲ್ಲಿ ಕಾಣುತ್ತದೆ, ಅದು ನಿಜ. ಆದರೆ ಅಷ್ಟು ದೂರ ಯಾರು ನೋಡುತ್ತಾರೆ? ಕೈ ಕೀಬೋರ್ಡಿನ ಮೇಲೆ ಹೋಯಿತು. ತೆಗೆದೆ. ಒಳ್ಳೆಯವನು ಎಂದು ತೆಗೆದದ್ದಲ್ಲ. ನನ್ನ ಅಣ್ಣ ಮುಂಬಾಗಿಲ ಚೌಕಟ್ಟು ನಿಲ್ಲಿಸಿದವನು, ಅವನ ಹೆಸರನ್ನು ನಾನು ಹಿಂದಿನ ಕಿಟಕಿಯಿಂದ ಒಳಗೆ ತುರುಕುವುದೇ? ಆ ಸಿಟ್ಟಿನಲ್ಲಿ ತೆಗೆದೆ.

ಮುಂದಿನ ಭಾನುವಾರ ಆ ಸಾಲನ್ನೇ ಹುಡುಗಿಗೂ ಅಧ್ಯಕ್ಷರಿಗೂ ತೋರಿಸಿದೆ. ಹುಡುಗಿ ಎರಡು ಸಲ ಓದಿದಳು. “ಸರ್, ಕೆಲವರು ಅಂತಾದ್ರೂ ಇದೆ. ನಿಮಗೆ ನೆನಪಿರೋ ಹೆಸರು ಇಲ್ಲಿಗೆ ಸೇರಿಸಿ ಕೊಟ್ರೆ?” ಎಂದಳು. ಆ ಮಾತಿಗೆ ಅವಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಅಧ್ಯಕ್ಷರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಠರಾವು ಮಾಡಿದವನ ನಾನು. ನಾನ ಮುರಿದ್ರ ಮಂದಿ ಏನಂತಾರವಾ? ನಮ್ಮ ಆಫೀಸಿನ ಹುಡುಗನ ಅಣ್ಣ ಅಂತ ಹಾಕಿದ್ರು ಅಂತಾರ.”

ಆಫೀಸಿನ ಹುಡುಗ. ನನ್ನ ತಲೆ ಅರ್ಧ ಬೆಳ್ಳಗಾಗಿದೆ.

“ಸರ್, ಆವಾಗ ರೊಕ್ಕದ ಪೆಟಿಗಿ ನಿಮ್ಮ ಕೈಯಾಗ ಇತ್ತು. ಕೂಲಿ ಕೊಡಾಕ ಬಂದವರು ನೀವ. ಒಲ್ಲೆ ಅಂದಾಗ ಹೋಗ್ಲಿ, ಹೆಸರಾದ್ರೂ ಬರಕೋಬೇಕು ಅನ್ನಿಸ್ಲಿಲ್ಲೇನ್ರಿ?”

“ಖರ್ಚ ಆಗದ್ದನ್ನ ಲೆಕ್ಕದಾಗ ಹೆಂಗ ಬರೀಲಪಾ?” ಎಂದರು. ಅದರಲ್ಲಿ ಕೆಟ್ಟತನವಿರಲಿಲ್ಲ. ಅವರು ನಿಜವಾಗಿ ಕೇಳಿದ್ದು. ನನ್ನಿಂದ ಉತ್ತರ ಬರುತ್ತದೆಂದು ಮುಖ ನೋಡುತ್ತ ಕಾದರು ಕೂಡ. ಅದೇ ನನಗೆ ಹೆಚ್ಚು ಉರಿಯಿತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಪುಸ್ತಕದಲ್ಲಿ ‘ಹಾಗೂ ಅನೇಕ ಶ್ರಮಜೀವಿಗಳು’ ಎಂದು ಹಾಕುವುದೆಂದಾಯಿತು. ಕೆಲವರು ಹೋಗಿ ಅನೇಕರಾದರು. ಬಿಡುಗಡೆಯ ದಿನ ಅಣ್ಣನನ್ನು ಕರೆಸಿ ಒಂದು ಶಾಲು ಹೊದಿಸೋಣ ಎಂದು ಅಧ್ಯಕ್ಷರೇ ಹೇಳಿದರು. ಶಾಲಿಗೆ ದಾಖಲೆ ಬೇಡವಂತೆ.

ಅಣ್ಣನಿಗೆ ಹೇಳಬೇಕಲ್ಲ. ಸಂಜೆ ಹೋದೆ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಸುತ್ತಿ ಬಳಸದೆ ಹೇಳಿದೆ: ಎಲ್ಲ ಫೈಲು ಹುಡುಕಿದೆ, ನಿನ್ನ ಹೆಸರು ಇಲ್ಲ, ಬಿಡುಗಡೆಯ ದಿನ ಶಾಲು ಹೊದಿಸುತ್ತಾರಂತೆ.

“ಸರಿಯಾಗಿ ನೋಡಿದ್ಯಾ?”

“ನೋಡೀನಣ್ಣಾ.”

“ಡಬ್ಬಿ ಕೆಟ್ಟಿರಬೇಕು.”

“ಡಬ್ಬಿ ಬರೋಬ್ಬರಿ ಐತಿ. ಬರದಿಲ್ಲ ಅವರು. ಕೂಲಿ ತಗೊಂಡವರದಷ್ಟ ಬರದಾರ.”

ಅವನು ಟಿವಿ ಆರಿಸಿದ. “ಆ ಸಿಮೆಂಟ್ ಕಳ್ಳ?”

“ಅವ ಅದಾನ.”

ಅಣ್ಣ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಅತ್ತಿಗೆ ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. “ನಾ ಆವಾಗ ಬಡಕೊಂಡಿದ್ದೆ, ಐತವಾರ ಒಂದಿನರ ಮನ್ಯಾಗಿರ್ರಿ, ಕೂಸಿಗೆ ಜ್ವರ ಬಂದಾವು ಅಂತ. ನಮ್ಮ ಕನ್ನಡದ್ದು ನಮ್ಮ ಕನ್ನಡದ್ದು ಅಂತ ಕರಣಿ ಹಿಡಕೊಂಡು ಓಡತಿದ್ರಿ. ಈಗ ಹೊದ್ದುಕೋರಿ ಶಾಲು.”

“ಶಾಲು ಯಾರಿಗೆ ಬೇಕಾಗೇತಿ” ಎಂದ ಅಣ್ಣ. ನನ್ನ ಕಡೆ ನೋಡಲಿಲ್ಲ. “ಹೇಳು ಅವರಿಗೆ. ಐತವಾರ ನಾ ಎಲ್ಲಿಗೂ ಬರಂಗಿಲ್ಲ ಅಂತ.”

ಬಿಡುಗಡೆಯ ದಿನ ಕುರ್ಚಿ ಹಾಕಿದವನು ನಾನು, ದೀಪಕ್ಕೆ ಎಣ್ಣೆ ಹಾಕಿದವನು ನಾನು. ಸಂಪಾದಕಿ ಹುಡುಗಿ ನನ್ನ ಕೈಗೊಂದು ಪ್ರತಿ ಕೊಟ್ಟು, “ಸಾರಿ ಅಂಕಲ್” ಎಂದಳು. ಮುಖ ಬಾಡಿತ್ತು. ನಾನು ಇರಲಿ ಬಿಡ್ರಿ ಎಂದೆ. ಇರಲಿ ಎಂದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷರು ಮಾತನಾಡುತ್ತ, ನಮ್ಮ ಸಂಘದ ಪ್ರತಿಯೊಂದು ಕಾಗದವೂ ಈಗ ಕಂಪ್ಯೂಟರಿನಲ್ಲಿದೆ, ಒಂದು ಗುಂಡಿ ಒತ್ತಿದರೆ ಎಲ್ಲರೂ ಸಿಗುತ್ತಾರೆ ಎಂದರು. ಮಂದಿ ಚಪ್ಪಾಳೆ ತಟ್ಟಿದರು. ಅವರು ನಿಂತಿದ್ದ ವೇದಿಕೆಯ ಮೆಟ್ಟಿಲು ಅಣ್ಣ ಒಂದು ಭಾನುವಾರ ಕಟ್ಟಿ, ಮಟ್ಟ ಸರಿಯಿಲ್ಲವೆಂದು ಒಡೆದು, ಮರುವಾರ ಮತ್ತೆ ಕಟ್ಟಿದ್ದು. ಎರಡು ಸಲದ ಕೂಲಿಯೂ ಯಾವ ಲೆಕ್ಕದಲ್ಲಿಯೂ ಇಲ್ಲ.

ನೌಕರಿ ಬಿಡಲಿಲ್ಲ. ಬಿಟ್ಟು ಎಲ್ಲಿ ಹೋಗಲಿ? ಆದರೆ ಅಂದಿನಿಂದ ದಾನಿಗಳ ಕಲ್ಲು ಒರೆಸುವುದನ್ನು ಬಿಟ್ಟಿದ್ದೇನೆ. ಯಾರೂ ಇನ್ನೂ ಕೇಳಿಲ್ಲ.

ಇದನ್ನೆಲ್ಲ ಬರೆಯುತ್ತೇನೆ, ಐವರ ಹೆಸರೂ ಬರೆಯುತ್ತೇನೆ, ಅದೇ ದಾಖಲೆಯಾಗಲಿ ಎಂದು ಅಣ್ಣನಿಗೆ ಹೇಳಿದೆ. ಅವನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

“ಬರಿ. ಹೆಸರು ಹಾಕಬ್ಯಾಡ.”

“ಯಾಕಣ್ಣಾ?”

“ಬರೀಬೇಕಾದವರು ಬರೀಲಿಲ್ಲ. ನೀ ಬರದ್ರ ತಮ್ಮ ಬರದ ಅಂತಾರ. ನನಗ ಅದು ಬ್ಯಾಡ.”

ಅವನ ಮಾತು ಮೀರಲಿಲ್ಲ. ಅವನ ಹೆಸರು, ಜೊತೆಯವರ ಹೆಸರು ಇಲ್ಲಿಲ್ಲ. ಫ್ಯಾನು ಕೊಟ್ಟವರದು, ದೀಪ ಕೊಟ್ಟವರದು, ಅಧ್ಯಕ್ಷರದು, ಅವನ್ನೂ ನಾನು ಹಾಕಿಲ್ಲ. ಅದನ್ನು ಅಣ್ಣ ಹೇಳಿದ್ದಲ್ಲ. ಅದು ನನ್ನ ಠರಾವು.